ತೊಮಿ-ಸಾನ್ ಮನೆಯ ತಿದಿ

ಬತ್ತದ ಕೊಯ್ಲು ಮುಗಿದಿತ್ತು. ಕೋಬೆಯ ಬೆನ್ನಿಗಿರುವ ಬೆಟ್ಟಗಳ ಆ ಹಳ್ಳಿಯಲ್ಲಿ ಗದ್ದೆಗದ್ದೆಗೂ ಬಿದಿರಿನ ಗಳ ಕಟ್ಟಿ ಸಿವುಡುಗಳನ್ನು ತಲೆಕೆಳಗಾಗಿ ಒಣಹಾಕುತ್ತಿದ್ದರು. ಹಸಿ ಹುಲ್ಲಿನ ವಾಸನೆಗೆ ಎಲ್ಲೋ ಹೊಟ್ಟು ಸುಡುವ ಹೊಗೆ ಬೆರೆತು ಗಂಟಲು ಕೆರೆಯುತ್ತಿತ್ತು. ಊರಿನವರ ಕೆಲಸವೆಲ್ಲ ತುದಿ ಮುಟ್ಟಿದ್ದರೂ ತೊಮಿ ಎಂಬ ಮುದುಕಿಯ ಗದ್ದೆಯಲ್ಲಿ ಸಿವುಡುಗಳು ಬಿದ್ದಲ್ಲೇ ಬಿದ್ದಿದ್ದವು. ಅವಳು ನಾಲ್ಕು ಸಿವುಡು ಏರಿಸುವಳು, ಓಡಿ ಬಂದು ಜಗಲಿಯ ಮೇಲೆ ಕೂತು ವಾದ್ಯ ನುಡಿಸುವಳು, ಮತ್ತೆ ಗದ್ದೆಗೆ ಓಡುವಳು. ನಡೆಯುವಾಗಲೂ ಅವಳ ಬಲ ಮೊಣಕೈ ಪಕ್ಕೆಯನ್ನು ಒತ್ತುತ್ತಲೇ ಇರುತ್ತಿತ್ತು.

ನಿಧಿ ಒಸಾಕಾದಿಂದ ಬಂದದ್ದು ಆ ವಾದ್ಯಕ್ಕಾಗಿ. ವಿಶ್ವವಿದ್ಯಾಲಯದಲ್ಲಿ ಅವಳದು ವಾದ್ಯಗಳ ನಾದದ ಮೇಲೆ ಸಂಶೋಧನೆ. ಕಾರು ಓಡಿಸಿಕೊಂಡು ಬಂದವನು ಗಂಡ ಸುಮಂತ್. ನೋಡಿದರೆ ನಮ್ಮ ಕಡೆ ಹಿಂದೆ ಶ್ರುತಿಗೆ ಹಿಡಿಯುತ್ತಿದ್ದ ತಿತ್ತಿಯ ದಾಯಾದಿಯೇ ಆ ವಾದ್ಯ: ಆಡಿನ ತೊಗಲಿನ ಚೀಲ, ಅದಕ್ಕೆ ಸಿಕ್ಕಿಸಿದ ಎರಡು ಕೊಳವೆ, ಮೊಣಕೈಯಡಿಗೆ ಕುಲುಮೆಯದರಂಥ ಪುಟ್ಟ ತಿದಿ. ತಿದಿ ಒತ್ತಿದರೆ ನಳಿಗೆಯಲ್ಲಿ ಗಾಳಿ ಹಾದು ಚೀಲ ತುಂಬುತ್ತಿತ್ತು. ಒಂದು ಕೊಳವೆ ಒಂದೇ ಸ್ವರ ಹಿಡಿದು ದುಂಬಿಯಂತೆ ಗುಂಯ್‌ಗುಟ್ಟಿದರೆ, ಇನ್ನೊಂದರ ಮೇಲೆ ತೊಮಿಯ ಬೆರಳುಗಳು ನಾಟಿ ಹಾಡಿನ ಹಳೇ ಧಾಟಿ ತೆಗೆಯುತ್ತಿದ್ದವು. ಧಾಟಿ ಏರಿದಾಗಲೆಲ್ಲ ಹಿಂದಿನ ಕಾಗದದ ಬಾಗಿಲಾಚೆ ಯಾರೋ ಉಸಿರೆಳೆದಂತಾಗುತ್ತಿತ್ತು. ಅಲ್ಲಿ ತನ್ನ ಗಂಡ ಮಲಗಿದ್ದಾರೆ, ಕಾಯಿಲೆ, ಎಂದಿದ್ದಳು ತೊಮಿ.

"ಇದಕ್ಕೆ ಬಾಯಿ ಹಚ್ಚಬೇಡಿ," ಎಂದಳು ಅವಳು, ದನಿ ತಗ್ಗಿಸಿ. "ಬಾಯಿಂದ ಹೋದ ಉಸಿರನ್ನು ಇದು ಹಿಂದಕ್ಕೆ ಕೊಡುವುದಿಲ್ಲ. ಬಂದರಿನಲ್ಲಿದ್ದ ಪರದೇಶಿಯೊಬ್ಬ ಸಾಯುತ್ತಿದ್ದ ಮಗನ ಉಸಿರನ್ನು ಮಂತ್ರ ಹಾಕಿ ಇದರಲ್ಲಿ ಕಟ್ಟಿದ್ದನಂತೆ. ಅಂದಿನಿಂದ ಈ ತೊಗಲಿಗೆ ರುಚಿ ಹತ್ತಿದೆ. ನಮ್ಮ ಮನೆಯವರು ನಗುತ್ತಲೇ ಊದಿದರು."

"ಏನಂತೆ?" ಎಂದ ಜಪಾನಿ ಬಾರದ ಸುಮಂತ್.

"ಬಾಯಲ್ಲಿ ಊದಿದ್ರೆ ದೆವ್ವ ಹಿಡಿಯತ್ತಂತೆ," ನಿಧಿ ನಕ್ಕಳು. "ಉಸಿರಿನ ಪಸೆಗೆ ಒಳಗಿರೋ ರೀಡ್ ಹಾಳಾಗತ್ತೆ, ಅಷ್ಟೇ. ತಿದಿ ಇರೋದೇ ಅದಕ್ಕೆ. ಜನ ಹೆದರ್ಲಿ ಅಂತ ಒಂದು ದೆವ್ವ ಕೂರ್ಸಿದ್ದಾರೆ."

"ನಮ್ಮಜ್ಜಿ ಉಪ್ಪಿನಕಾಯಿ ಭರಣಿಗೂ ಇದೇ ಕತೆ ಕಟ್ಟಿದ್ರು ಕಣೇ. ಎಂಜಲು ಕೈ ಹಾಕಿದ್ರೆ ಕೈ ಬಿದ್ದೋಗತ್ತೆ ಅಂತ."

ಪಡುವಣದಲ್ಲಿ ಮೋಡ ಕವಿಯಿತು. ತೊಮಿ ಗದ್ದೆಯ ಕಡೆ ನೋಡಿದಳು. ಚೀಲ ಬಿಗಿಯಾಗುವವರೆಗೆ ತಿದಿ ಒತ್ತಿ, ವಾದ್ಯವನ್ನು ಚಾಪೆಯ ಮೇಲೆ ಮಗುವನ್ನು ಮಲಗಿಸಿದಂತೆ ಮಲಗಿಸಿದಳು. "ತುಂಬಿದ್ದರೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ತಡೆಯುತ್ತದೆ," ಎಂದು ತನಗೇ ಹೇಳಿಕೊಂಡು ಗದ್ದೆಗೆ ಇಳಿದಳು.

"ಸುಮಂತ್, ಒಂದೇ ಸಲ ಊದೋ. ಒಣ ಗಾಳೀದು ರೆಕಾರ್ಡ್ ಆಯ್ತು. ಉಸಿರಿಂದೂ ಸಿಕ್ಕಿದ್ರೆ ಕಂಪೇರ್ ಮಾಡ್ಬಹುದು."

"ದೆವ್ವಕ್ಕೆ ನಾನೇ ಬೇಕಾ?"

"ನಾನು ಮೈಕ್ ಹಿಡೀಬೇಕಲ್ಲ. ದಿನಾ ಈಜೋ ಶ್ವಾಸಕೋಶ ನಿಂದು, ಸುಮ್ನೆ ವೇಸ್ಟ್."

ಅವನು ತಿದಿಯ ನಳಿಗೆ ಕಿತ್ತು ಬಾಯಿಗಿಟ್ಟ. ಕಮಟು ತೊಗಲಿನ ವಾಸನೆಗೆ ಮುಖ ಸಿಂಡರಿಸಿದ. ಊದಿದ.

ಕೊಳವೆ ನರಳಿತು. ಕಾಗದದ ಬಾಗಿಲಾಚೆ ಒಂದು ನಿಟ್ಟುಸಿರು ಉದ್ದಕ್ಕೆ, ಉದ್ದಕ್ಕೆ ಹೊರಬಿದ್ದು, ಮುಗಿಯಿತು. ಗದ್ದೆಯಲ್ಲಿ ತೊಮಿಯ ಕೈಯಿಂದ ಸಿವುಡು ಜಾರಿತು. ಅವಳ ಮೊಣಕೈ ನಿಂತುಬಿಟ್ಟಿತ್ತು.

ಸುಮಂತ್ ನಳಿಗೆಯನ್ನು ಬಾಯಿಂದ ತೆಗೆದ. ಏನೋ ಹೇಳಲು ಹೊರಟ. ದನಿ ಬರಲಿಲ್ಲ. ಕಣ್ಣು ಅಗಲವಾದವು. ಎದೆ ಏಳಲಿಲ್ಲ. ಹಾಗೆಯೇ ಮಗ್ಗುಲಿಗೆ ಉರುಳಿದ.

"ತಮಾಷೆ ಸಾಕು... ಸುಮಂತ್? ಏಯ್!"

ತುಟಿ ನೀಲಿಗಟ್ಟುತ್ತಿತ್ತು. ನಿಧಿ ಅವನ ಬಾಯಿಗೆ ಬಾಯಿಟ್ಟು ಊದಿದಳು. ಗೋಡೆಗೆ ಊದಿದಂತಾಯಿತು. ಪಕ್ಕದಲ್ಲಿ ಚೀಲ ಮಾತ್ರ ಮೆಲ್ಲನೆ ಕುಗ್ಗುತ್ತಿತ್ತು.

ಅವಳಿಗೆ ಆಗ ತಿಳಿಯಿತು. ನಳಿಗೆಯನ್ನು ತಿದಿಗೆ ಸಿಕ್ಕಿಸಿದಳು. ಒತ್ತಿದಳು. ಕೊಳವೆ ಗುಂಯ್‌ಗುಟ್ಟಿತು. ಸುಮಂತನ ಎದೆ ಎದ್ದಿತು. ಬಿಟ್ಟಳು; ಇಳಿಯಿತು. ಒತ್ತಿದಳು, ಎದ್ದಿತು.

ತೊಮಿ ಬಂದು ಬಾಗಿಲು ಸರಿಸಿ ಒಳಗೆ ನೋಡಿದಳು. ನಿಧಾನವಾಗಿ ಮುಚ್ಚಿದಳು. ನಿಧಿಯ ಮುಂದೆ ಕೂತು ಹಣೆ ಚಾಪೆಗೆ ಮುಟ್ಟುವಂತೆ ಬಾಗಿದಳು.

"ಹೇಳಿದ್ದೆ. ಆದರೂ ನಮ್ಮವರಿಗೆ ಬಿಡುಗಡೆಯಾಯಿತು. ನಿಮ್ಮ ಋಣ ನನ್ನ ಮೇಲಿದೆ. ಒತ್ತುತ್ತಲೇ ಇರಿ. ರೂಢಿಯಾದರೆ ನಿದ್ದೆಯಲ್ಲೂ ಕೈ ನಿಲ್ಲುವುದಿಲ್ಲ."

ಆಂಬುಲೆನ್ಸಿಗೆ ಫೋನ್ ಮಾಡಿದವಳೂ ಅವಳೇ. ಆಮೇಲೆ ಗದ್ದೆಗೆ ಇಳಿದಳು. ಮಳೆ ಹತ್ತಿರವಾಗಿತ್ತು. ಎರಡೂ ತೋಳು ಚಾಚಿ ಸಿವುಡುಗಳನ್ನು ಅವುಚಿ ಎತ್ತಿ, ಒಂದೇ ಸಮನೆ ಗಳಕ್ಕೆ ಏರಿಸತೊಡಗಿದಳು.

ಆಂಬುಲೆನ್ಸಿನವರು ಇಬ್ಬರು ಬಂದರು. ಸುಮಂತನ ಮುಖಕ್ಕೆ ಆಕ್ಸಿಜನ್ ಕಟ್ಟಿದರು. ಕಿರಿಯವನು ಎದೆಗೆ ಸ್ಟೆತಾಸ್ಕೋಪ್ ಇಟ್ಟು ತಲೆಯೆತ್ತಿದ.

"ಆ ವಾದ್ಯ ಸ್ವಲ್ಪ ನಿಲ್ಲಿಸುತ್ತೀರಾ? ಎದೆಯ ಸದ್ದು ಕೇಳಿಸುತ್ತಿಲ್ಲ."

ಹೇಳಬೇಕು. ಜಪಾನಿಯಲ್ಲಿ ಹೇಳಬೇಕು. ಭಾಷಣ ಮಾಡುವಷ್ಟು ಕಲಿತಿದ್ದ ಜಪಾನಿಯ ಒಂದು ಮಾತೂ ನಿಧಿಯ ನಾಲಗೆಗೆ ಬರಲಿಲ್ಲ; ಬಂದದ್ದು ಕನ್ನಡ.

"ಮುಟ್ಬೇಡಿ! ಇದನ್ನ ನಿಲ್ಸಿದ್ರೆ ಸತ್ತೋಗ್ತಾನೆ! ಇದ್ರಲ್ಲೇ ಇದೆ ಅವನ ಉಸಿರು, ನಿಮ್ಮ ಕಾಲಿಗೆ ಬೀಳ್ತೀನಿ..."

ಇಬ್ಬರೂ ಮುಖ ಮುಖ ನೋಡಿಕೊಂಡರು. ಪಾಪ, ಗಾಬರಿಯಾಗಿದೆ.

"ತೊಮಿ-ಸಾನ್!" ನಿಧಿ ಗದ್ದೆಯ ಕಡೆ ಕಿರುಚಿದಳು. "ತೊಮಿ-ಸಾನ್!"

ತೊಮಿ ತಿರುಗಿದಳು. ಕೇಳಿಸಿತ್ತು. ತೋಳಿನ ತುಂಬ ಸಿವುಡು ಹಿಡಿದು ಒಂದು ಗಳಿಗೆ ನಿಂತಳು. ಬಲ ಮೊಣಕೈಯನ್ನು ನೋಡಿಕೊಂಡಳು. ಮತ್ತೆ ಗಳದ ಕಡೆಗೆ ತಿರುಗಿದಳು.

"ಸುಮಿಮಾಸೆನ್," ಎಂದ ಕಿರಿಯವನು. ಕ್ಷಮೆ ಕೇಳುತ್ತಲೇ ತಲೆಬಾಗಿ, ಎರಡೂ ಕೈಯಿಂದ, ನೋವಾಗದಂತೆ ನಿಧಿಯ ಮೊಣಕೈಯನ್ನು ತಿದಿಯ ಮೇಲಿಂದ ಎತ್ತಿದ. ವಾದ್ಯವನ್ನು ಜಗಲಿಯ ಆ ತುದಿಗೆ ಒಯ್ದು ಇಟ್ಟ. ಹಿರಿಯವನು ಅವಳ ಎರಡೂ ಮಣಿಕಟ್ಟು ಹಿಡಿದು ಸಮಾಧಾನ ಹೇಳತೊಡಗಿದ.

ಚೀಲ ತುಂಬಿತ್ತು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು.