ಸಿರಿಂಜ್ ತೊಳೆದಿಟ್ಟು ಹೋದವರು

ಶನಿವಾರ ಬೆಳಿಗ್ಗೆ 9.20ಕ್ಕೆ ಇಂಡೋನೇಷ್ಯಾದ ಮಲಾಂಗ್ ನಗರದ ಪೂರ್ವ ಠಾಣೆಗೆ ರಿಂದ್ರ ವಾಸಿಸ್ ಎಂಬ ಬೈಕ್ ಮೆಕ್ಯಾನಿಕ್ ಬಂದು, ತನ್ನ ಮನೆಗೆ ಯಾರೋ ನುಗ್ಗಿದ್ದಾರೆಂದು ದೂರು ಕೊಟ್ಟ. ಕಾನ್‌ಸ್ಟೇಬಲ್ ಕಿನಂತಿ ಪೆನ್ನು ತೆಗೆದಳು.

"ಏನೇನು ಹೋಗಿದೆ?"

"ಏನೂ ಹೋಗಿಲ್ಲ ಮೇಡಂ. ತೊಳೆದಿಟ್ಟು ಹೋಗಿದ್ದಾರೆ."

ಪಕ್ಕದ ಮೇಜಿನಲ್ಲಿ ಕರಿದ ಸೋಯಾ ತೆಂಪೆ ತಿನ್ನುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಬಾಗ್ಯೊಗೆ ನಗು ತಡೆಯಲಾಗಲಿಲ್ಲ. "ಆ ಕಳ್ಳನಿಗೆ ನಮ್ಮನೆ ವಿಳಾಸ ಕೊಡಪ್ಪ. ಮೂರು ದಿನದ ಪಾತ್ರೆ ಬಿದ್ದಿದೆ."

ರಿಂದ್ರ ನಗಲಿಲ್ಲ. ಕಿನಂತಿಗೆ ಇಪ್ಪತ್ತಮೂರು ವರ್ಷ. ಮಾತು ಕಡಿಮೆ. ಹೆಚ್ಚು ಕೇಳುವ ಬದಲು ಒಂದು ಲೋಟ ನೀರು ತಂದಿಟ್ಟಳು. ಆಮೇಲೆ ಅವನೇ ಬಿಡಿಸಿ ಹೇಳಿದ.

ವೇಪ್ ಎಂಬ ಇ-ಸಿಗರೇಟಿಗೆ ಹಾಕುವ ಲಿಕ್ವಿಡ್ಡನ್ನು ಮನೆಯಲ್ಲೇ ಬೆರೆಸುವುದು ಅವನ ಹವ್ಯಾಸ. ಓಣಿಯ ಹದಿಮೂರು ಗೆಳೆಯರು ತಮ್ಮ ತಮ್ಮ ಸಾಮಾನು ತಂದುಕೊಟ್ಟರೆ ಅವರಿಗೂ ಬೆರೆಸಿಕೊಡುತ್ತಿದ್ದ. ಗುರುವಾರ ಬೆರೆಸಿ, ತನ್ನದೂ ಸೇರಿ ಹದಿನಾಲ್ಕು ಬಾಟಲಿಗೆ ಹೆಸರು, ನಿಕೋಟಿನ್ ಪ್ರಮಾಣ ಬರೆದ ಚೀಟಿ ಅಂಟಿಸಿ, ಭಾನುವಾರ ಹಂಚುವುದು ಪದ್ಧತಿ. ನಿನ್ನೆ ಮಧ್ಯಾಹ್ನ ಶುಕ್ರವಾರದ ನಮಾಜು ಮುಗಿಸಿಕೊಂಡು ಬಂದಾಗ ಸಿರಿಂಜ್, ಬೀಕರ್, ಆಲಿಕೆ ಎಲ್ಲ ಬೇರೆ ರೀತಿಯಲ್ಲಿ ಜೋಡಿಸಿದ್ದವು. ಮೇಜಿನ ಮೇಲಿದ್ದ ನಿಕೋಟಿನ್ ಬಾಟಲಿ ಕಪಾಟಿನ ತುದಿಗೇರಿತ್ತು.

"ಅದು ನೀರು ಬೆರೆಸದ ವಿಷ ಸರ್," ಎಂದ, ಅಷ್ಟರಲ್ಲಿ ಒಳಬಂದ ಇನ್‌ಸ್ಪೆಕ್ಟರ್ ವಿದಗ್ದೊ ಅವರ ಕಡೆ ತಿರುಗಿ. "ಯಾರದಾದರೂ ಬಾಟಲಿಗೆ ನಾಲ್ಕು ಚಮಚ ಹೆಚ್ಚಿಗೆ ಸುರಿದಿದ್ರೆ? ಸಾಯೋದು ಅವರು, ಹೆಸರು ನಂದು."

ವಿದಗ್ದೊ ಕುಳಿತುಕೊಳ್ಳಲಿಲ್ಲ. "ಎಫ್‌ಐಆರ್ ಬರೀ ಕಿನಂತಿ. ಆ ಹದಿನಾಲ್ಕು ಬಾಟಲಿಲಿ ಒಂದೂ ಓಣಿ ದಾಟಬಾರದು."

10.15ಕ್ಕೆ ಸ್ಥಳ ಪರಿಶೀಲನೆ. ಬಾಗಿಲ ಬೀಗ ಮುರಿದಿರಲಿಲ್ಲ. ಕೀಲಿಕೈ ಚಪ್ಪಲಿ ಗೂಡಿನ ಕೆಳಗಿರುವುದು ಓಣಿಗೆಲ್ಲ ಗೊತ್ತಿತ್ತು.

"ಹಂಗಾದ್ರೆ ಬೀಗ ಯಾಕಪ್ಪ ಹಾಕ್ತೀಯ?" ಎಂದ ಬಾಗ್ಯೊ.

"ಬೆಕ್ಕು ಬರ್ತದೆ ಸರ್."

ಕಿನಂತಿ ಮೇಜಿನ ಮುಂದೆ ಬಹಳ ಹೊತ್ತು ನಿಂತಳು. ಬಿಳಿ ಮಲ್ಲಿನ ಬಟ್ಟೆಯ ಮೇಲೆ ಏಳು ಸಿರಿಂಜ್. ಒಂದೊಂದರ ಕೊಳವೆಯಿಂದ ಹಿಡಿ ಹೊರಗೆಳೆದು ಪಕ್ಕದಲ್ಲಿ ಮಲಗಿಸಿತ್ತು, ರಬ್ಬರ್ ತುದಿ ಬಟ್ಟೆಗೆ ತಾಗದಂತೆ. ಬೀಕರುಗಳನ್ನು ಪೂರ್ತಿ ಬೋರಲು ಹಾಕದೆ, ಅಂಚಿನ ಕೆಳಗೆ ಒಂದೊಂದು ಕಡ್ಡಿ ಕೊಟ್ಟು ಗಾಳಿ ಆಡಲು ಬಿಟ್ಟಿತ್ತು. ಸೋಪಿನ ವಾಸನೆ ಇರಲಿಲ್ಲ. ಬಿಸಿನೀರಲ್ಲೇ ತೊಳೆದದ್ದು.

"ನೀವು ಹೇಗೆ ಒಣಗಿಸ್ತೀರಿ?" ಎಂದಳು.

ರಿಂದ್ರ ತಲೆ ಕೆರೆದುಕೊಂಡ. "ಕೊಡವಿ, ಟಿಶ್ಯೂ ತುರುಕಿ ಒರೆಸ್ತೀನಿ."

"ಅದಕ್ಕೇ ನಿನ್ನ ಲಿಕ್ವಿಡ್ಡಲ್ಲಿ ನಾರು ತೇಲೋದು!" ಎಂದು ಕಿಟಕಿಯಾಚೆ ನಿಂತಿದ್ದ ನೆರೆಯವನೊಬ್ಬ ಕೂಗಿದ. ವಿದಗ್ದೊ ಅವನನ್ನೇ ಒಳಗೆ ಕರೆದು ಪಂಚನಾಮೆಗೆ ಸಾಕ್ಷಿಯಾಗಿ ಕೂರಿಸಿದರು.

ಪ್ರಯೋಗಾಲಯದ ವರದಿಗೆ ಹತ್ತು ದಿನ ಬೇಕು. ಆದರೆ ನಿಕೋಟಿನ್ ಎಷ್ಟಿದೆಯೆಂದು ನೋಡುವ ಸಣ್ಣ ಪೆಟ್ಟಿಗೆಯೊಂದು ರಿಂದ್ರನ ಬಳಿಯೇ ಇತ್ತು. ಮಾದರಿಗೆ ಬಣ್ಣದ ಹನಿ ಹಾಕಿದರೆ ನೀಲಿಯಾಗುತ್ತದೆ. ಆಮೇಲೆ ಆಮ್ಲವನ್ನು ಹನಿಹನಿಯಾಗಿ ಬಿಡಬೇಕು. ಹಳದಿಗೆ ತಿರುಗಲು ಎಷ್ಟು ಆಮ್ಲ ಬೇಕಾಯಿತು ಎನ್ನುವುದರಲ್ಲಿ ನಿಕೋಟಿನ್ನಿನ ಪ್ರಮಾಣ ತಿಳಿಯುತ್ತದೆ. ಸಾಕ್ಷಿಗಳ ಎದುರು 11.40ಕ್ಕೆ ಶುರುವಾದ ಪರೀಕ್ಷೆ 1.30ಕ್ಕೆ ಮುಗಿಯಿತು. ಹದಿಮೂರು ಬಾಟಲಿಗಳಲ್ಲಿ ಚೀಟಿಯಲ್ಲಿ ಬರೆದಷ್ಟೇ ಇತ್ತು. ಒಂದರಲ್ಲಿ ಮಾತ್ರ ಲೆಕ್ಕ ತಪ್ಪಿತು. ಚೀಟಿಯಲ್ಲಿ ಹನ್ನೆರಡು ಮಿಲಿಗ್ರಾಂ, ಒಳಗೆ ಆರು.

"ಕಡಿಮೆನಾ?" ವಿದಗ್ದೊ ಹುಬ್ಬೇರಿಸಿದರು. "ಮನೆ ನುಗ್ಗಿ ವಿಷ ಕಮ್ಮಿ ಮಾಡಿ ಹೋಗೋ ಕಳ್ಳ ಯಾರಯ್ಯ?"

ಬಾಟಲಿಯ ಮೇಲೆ ಪಾಕ್ ತೋಹಿರ್, ಅಂದರೆ ತೋಹಿರ್ ಯಜಮಾನರು, ಎಂಬ ಹೆಸರಿತ್ತು. ಅವರು ನಿವೃತ್ತ ರೈಲು ಚಾಲಕ, ಓಣಿಯ ಕೊನೆಯ ಮನೆಯವರು.

2.40ಕ್ಕೆ ಆ ಮನೆ ತಲುಪಿದಾಗ ತೋಹಿರ್ ಜಗಲಿಯಲ್ಲಿ ಹೊಗೆ ಬಿಡುತ್ತ ಕುಳಿತಿದ್ದರು. ಅವರ ಹೆಂಡತಿ ಬು ಸುಮಿರಾ, ಅಂದರೆ ಸುಮಿರಾ ಅಮ್ಮ, ಎಲ್ಲರಿಗೂ ಚಹಾ ತಂದುಕೊಟ್ಟರು.

"ಲಿಕ್ವಿಡ್ ಬಾಟಲಿ ಎಲ್ಲಿಡ್ತೀರಿ ಪಾಕ್?" ಎಂದರು ವಿದಗ್ದೊ.

"ಹಗಲು ಜೇಬಲ್ಲಿ, ರಾತ್ರಿ ದಿಂಬಿನ ಕೆಳಗೆ. ಇವಳಿಗೆ ಸಿಕ್ಕಿದ್ರೆ ಚರಂಡಿ ಪಾಲು."

"ಇತ್ತೀಚೆಗೆ ರುಚಿ ಬದಲಾಗಿದೆಯಾ?"

"ಇನ್ನೂ ಚೆನ್ನಾಗಾಗಿದೆ! ಮೊದಲು ಗಂಟಲಿಗೆ ಕುಟ್ಟೋದು. ಎರಡು ತಿಂಗಳಿಂದ ಎಷ್ಟು ನಯ ಅಂತೀರಿ. ರಿಂದ್ರನ ಕೈ ಪಳಗಿದೆ."

ಬು ಸುಮಿರಾ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಗಂಡಸರ ನಡುವೆ ಸುಮ್ಮನೆ ಕೂರಲು ಸಂಕೋಚವಾಗಿ ಕಿನಂತಿಯೂ ಖಾಲಿ ಲೋಟಗಳನ್ನು ಹಿಡಿದು ಹಿಂದೆ ನಡೆದಳು. ಅಡುಗೆಮನೆಯ ಬಿದಿರ ಹಲಗೆಯ ಮೇಲೆ ಲೋಟಗಳು ಓರೆಯಾಗಿ ಬೋರಲು ನಿಂತಿದ್ದವು, ಒಂದೊಂದರ ಅಂಚಿನ ಕೆಳಗೂ ಕಡ್ಡಿ. ಮೊಮ್ಮಗುವಿನ ಔಷಧಿಯ ಡ್ರಾಪರಿನ ಗಾಜು ಒಂದೆಡೆ, ರಬ್ಬರ್ ಬುರುಡೆ ಒಂದೆಡೆ. ಕೆಳಗೆ ಬಿಳಿ ಮಲ್ಲು.

"ಬು, ಇದನ್ನ ಯಾಕೆ ಬಿಚ್ಚಿ ಇಟ್ಟಿದೀರಿ?"

"ಸೇರಿಸಿಟ್ರೆ ಒಳಗಿನ ನೀರು ಎಲ್ಲಿಗೆ ಹೋಗಬೇಕು ಮಗಳೇ? ಮೇಲೆ ಒಣಗಿರುತ್ತೆ, ಒಳಗೆ ಕೊಳೀತಿರುತ್ತೆ. ಸರ್ಕಾರಿ ಆಸ್ಪತ್ರೇಲಿ ಮೂವತ್ತೊಂದು ವರ್ಷ ಗಾಜಿನ ಸಿರಿಂಜ್ ಕುದಿಸಿದ ಕೈ ಇದು."

"ರಿಂದ್ರ ಒಣಗಿಸೋದು ನೋಡಿದೀರಾ?"

"ಅವನದೂ ಒಂದು ಒಣಗಿಸೋದಾ! ಟಿಶ್ಯೂ ತುರುಕಿ..." ಎಂದವರು ಅಲ್ಲೇ ನಿಂತರು. ಕಿನಂತಿಯ ಮುಖ ನೋಡಿದರು. ಆಮೇಲೆ ಸೆರಗಿನಂತಿದ್ದ ತಲೆವಸ್ತ್ರದ ತುದಿಯಲ್ಲಿ ನಿಧಾನವಾಗಿ ಕೈ ಒರೆಸಿಕೊಂಡರು. "ಅವರ ಪಾಲಿಂದ ತೆಗೆದಿಟ್ಟ ಬಾಟಲಿ ಕಪಾಟಿನ ಮೇಲಿದೆ. ನಾನಾದ್ರೆ ಸ್ಟೂಲ್ ಹತ್ತಬೇಕು, ನೀನೇ ಇಳಿಸು."

ಅದೊಂದು ದಪ್ಪ ಗಾಜಿನ ಬಾಟಲಿ. ಮೇಲೆ ಅಚ್ಚುಕಟ್ಟಾದ ಅಕ್ಷರದಲ್ಲಿ 'ವಿಷ, ಮಕ್ಕಳಿಂದ ದೂರ ಇಡಿ' ಎಂದಿತ್ತು. ಕೆಳಗೆ ಎಂಟು ಶುಕ್ರವಾರಗಳ ದಿನಾಂಕ. 3.25ಕ್ಕೆ ಪಂಚನಾಮೆ ಬರೆದು ಬಾಟಲಿಯನ್ನು ವಶಕ್ಕೆ ಪಡೆಯಲಾಯಿತು.

"ಬು, ನಮ್ಮ ಜೊತೆ ಬರಬೇಕು," ಎಂದಳು ಕಿನಂತಿ. ಅದು ಅವಳು ಮಾಡಿದ ಮೊದಲ ಬಂಧನ.

"ಬರ್ತೀನಿ ಮಗಳೇ. ಗ್ಯಾಸ್ ಆರಿಸ್ತೀನಿ ಇರು."

ಠಾಣೆಯಲ್ಲಿ 4.10ಕ್ಕೆ ಹೇಳಿಕೆ ದಾಖಲಾಯಿತು. ಪ್ರತಿ ಶುಕ್ರವಾರ ನಮಾಜಿನ ಹೊತ್ತಿಗೆ ರಿಂದ್ರನ ಮನೆಗೆ ಹೋಗಿ, ಗಂಡನ ಬಾಟಲಿಯಿಂದ ಅಳತೆ ಮಾಡಿ ತೆಗೆದು, ಅಷ್ಟೇ ಪ್ರಮಾಣದ ಗ್ಲಿಸರಿನ್ ಮತ್ತು ಪರಿಮಳ ಬೆರೆಸುತ್ತಿದ್ದರು. ಎರಡನ್ನೂ ತಾವೇ ಕೊಂಡು ತಂದಿದ್ದರು. ವಾರ ವಾರ ತುಸು ತುಸುವೇ ಇಳಿಸಿ ಅರ್ಧಕ್ಕೆ ತಂದಿದ್ದರು. ಉಳಿದ ವಾರ ಒಣಗಿಸಿ ಎಲ್ಲವನ್ನೂ ಇದ್ದಲ್ಲೇ ಇಟ್ಟು ಬರುತ್ತಿದ್ದರು, ನಿನ್ನೆ ಮಾತ್ರ ಹೊತ್ತು ಸಾಲಲಿಲ್ಲ.

"ರಿಂದ್ರನಿಗೇ ಕಮ್ಮಿ ಹಾಕು ಅನ್ನಬಹುದಿತ್ತಲ್ಲ?" ಎಂದರು ವಿದಗ್ದೊ.

"ಅಂದೆ. ಪಾಕ್‌ಗೆ ಮೋಸ ಮಾಡಲ್ಲ ಬು ಅಂದ. ಒಳ್ಳೆ ಹುಡುಗ."

"ಕೊಳಕಾಗೇ ಬಿಟ್ಟು ಬಂದಿದ್ರೆ ನಮಗೆ ಸಿಕ್ತಾನೇ ಇರಲಿಲ್ಲ."

ಬು ಸುಮಿರಾ ಇನ್‌ಸ್ಪೆಕ್ಟರನ್ನು ಪಾಠ ಬಾರದ ಹುಡುಗನನ್ನು ನೋಡುವಂತೆ ನೋಡಿದರು. "ಬಳಸಿದ ಸಿರಿಂಜ್ ಹಾಗೇ ಬಿಟ್ಟು ಬರೋದಾ?"

ಅಷ್ಟರಲ್ಲಿ ತೋಹಿರ್ ಬಂದರು. "ಎರಡು ತಿಂಗಳು! ಮನೆ ಹೆಂಡತಿಯೇ ಟೋಪಿ ಹಾಕಿದ್ಲು!" ಎಂದು ಮೇಜು ಗುದ್ದಿದರು. ಆಮೇಲೆ ಬೆಂಚಿನ ಮೇಲೆ ಕುಸಿದು ಕೇಳಿದರು: "ಈಗ ಎಷ್ಟಿದೆ?"

"ಮೊದಲಿನ ಅರ್ಧ," ಎಂದರು ವಿದಗ್ದೊ.

ತೋಹಿರ್ ಎದೆಯ ಮೇಲೆ ಕೈಯಿಟ್ಟರು. "ರಾತ್ರಿ ಎದೆ ಡವಡವ ಹೊಡ್ಕೊಳ್ಳೋದು ಕಮ್ಮಿಯಾಗಿತ್ತು. ಡಾಕ್ಟರ್ ಮಾತ್ರೆ ಕೆಲಸ ಮಾಡ್ತು ಅಂದ್ಕೊಂಡೆ."

ದೂರು ಹಿಂಪಡೆಯುವ ಅರ್ಜಿ ಬರೆಯುತ್ತಿದ್ದ ರಿಂದ್ರ ತಲೆಯೆತ್ತಿದ. "ಪಾಕ್, ನಾಳೆ ಬಾಟಲಿಗೆ ಎಷ್ಟು ಹಾಕ್ಲಿ?"

"ನನ್ನ ಕೇಳಬೇಡ. ಎಷ್ಟು ಅಂತ ನನಗೆ ಹೇಳಲೂ ಬೇಡ. ಗೊತ್ತಾದ್ರೆ ಅವತ್ತೇ ಹೋಗಿ ಲವಂಗದ ಸಿಗರೇಟು ಹಚ್ತೀನಿ, ನನ್ನ ಬುದ್ಧಿ ನನಗೆ ಗೊತ್ತಿಲ್ವಾ?" ಅವರು ಹೆಂಡತಿಯ ಕಡೆ ನೋಡದೆ ಗದ್ದ ಆಡಿಸಿದರು. "ಅವಳನ್ನ ಕೇಳು."

ಬು ಸುಮಿರಾ ಮೇಜಿನ ಕೆಳಗೆ, ಗಂಡನಿಗೆ ಕಾಣದಂತೆ, ರಿಂದ್ರನಿಗೆ ಆರಲ್ಲ, ಐದು ಬೆರಳು ತೋರಿಸಿದರು.

ಸಂಜೆ 6.10ಕ್ಕೆ ಅವರನ್ನು ಬಿಟ್ಟು ಕಳಿಸಲಾಯಿತು. ಕಡತದಲ್ಲಿ ಕೃತ್ಯದ ಉದ್ದೇಶದ ಕಲಮು ಖಾಲಿ ಉಳಿದಿತ್ತು. ಕಿನಂತಿ ಯೋಚಿಸಿ ಬರೆದಳು: 'ಪಕ್ಕದಲ್ಲಿ ಮಲಗಿದವನ ಎದೆಬಡಿತವನ್ನು ರಾತ್ರಿಯಿಡೀ ಎಣಿಸುವ ಕೆಲಸದಿಂದ ಆರೋಪಿ ನಿವೃತ್ತಿ ಬಯಸಿದ್ದರು.' ವಿದಗ್ದೊ ಓದಿದರು, ಒಂದಕ್ಷರವನ್ನೂ ತಿದ್ದಲಿಲ್ಲ. ಕೆಳಗೆ ಸಹಿ ಹಾಕಿದರು.