ಹೊನ್ನಾಜಿಯ ಮೊಳಕೆಕಾಳು

ಬೆಟ್ಟಗಳು ಇನ್ನೂ ಎಳೆಯವಾಗಿದ್ದ ಕಾಲಕ್ಕೆ ತೂಗುಪುರವೆಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಅಡುಗೆಮನೆಯಲ್ಲಿ ಹೊನ್ನಾಜಿ ಎಂಬುವಳು ಹೆಸರುಕಾಳಿಗೆ ಮೊಳಕೆ ಬರಿಸುತ್ತಿದ್ದಳು. ಗಂಡ ಬೊಮ್ಮಣ್ಣ ಬಾವಿ ತೋಡುವವನು. ಕಾಳಿನ ಮುಂದೆ ಕೂತೇ ಇರುತ್ತೀಯಲ್ಲ, ಅದೇನು ಮಾತಾಡುತ್ತದೆಯೇ ಎಂದು ಅವಳನ್ನು ಕಾಡಿಸುತ್ತಿದ್ದ. ಕಾಳು ಮಾತಾಡುತ್ತಿತ್ತು, ಕೇಳುವ ವ್ಯವಧಾನ ಅವನಿಗಿರಲಿಲ್ಲ.

ಒಂದು ದಿನ ಅವನು ತೋಡಿದ ಬಾವಿ ತಿರುಮುರುಗನೆಂಬ ಮಾಂತ್ರಿಕನ ನೆಲದಡಿಯ ಮನೆಗೆ ತೂತು ಕೊರೆಯಿತು. ಮಾಂತ್ರಿಕ ಸಿಟ್ಟಾಗಿ ಅವನನ್ನು ಎಳೆದೊಯ್ದು ಮೂರು ಕೋಣೆಗಳ ಕೆಳಗೆ ಕೂಡಿಹಾಕಿದ. ಒಂದೊಂದು ಕೋಣೆಗೂ ಆರು ದಿಕ್ಕಿಗೆ ಆರು ಬಾಗಿಲು. ಮೇಲಿನ ಬಾಗಿಲು ಬಂದ ದಾರಿಗೆ, ನೆಲದ ಬಾಗಿಲು ಕೆಳಗಿನ ಕೋಣೆಗೆ ಒಯ್ಯುತ್ತಿತ್ತು, ಮಿಕ್ಕವು ತಳವಿಲ್ಲದ ಬಯಲಿಗೆ. ಒಳಗೆ ಹೋದವರಿಗೆ ಅವನು ಮಂಕುಬೂದಿ ಎರಚಿದರೆ ಮೇಲು ಕೆಳಗು ತಿಳಿಯುತ್ತಿರಲಿಲ್ಲ. ಅವನನ್ನು ಬಿಡಿಸಲು ಹೋದ ರಾಜಭಟರು ಹೊಸ್ತಿಲಲ್ಲೇ ತಲೆಸುತ್ತಿ ವಾಪಸಾದರು. ಹೊನ್ನಾಜಿ ಮೊಳಕೆಕಾಳನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ, ಒಂದು ಗಿಂಡಿ ನೀರು ಹಿಡಿದು ಹೊರಟಳು.

ಮೊದಲ ಕೋಣೆಯಲ್ಲಿ ಬೂದಿ ಬಿತ್ತು, ಕಾಲಡಿ ನೆಲವೇ ಇಲ್ಲದಂತಾಯಿತು. ಅವಳು ಗಂಟು ಬಿಚ್ಚಿದಳು. ಬೇರುಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದವು. ಕಣ್ಣಿಲ್ಲದ್ದಕ್ಕೆ ಮಂಕುಬೂದಿ ಏನು ಮಾಡೀತು? ಆ ಕಡೆಯ ಬಾಗಿಲು ತೆರೆದು ಇಳಿದಳು.

ಎರಡನೆಯ ಕೋಣೆಯನ್ನು ಮಾಂತ್ರಿಕ ಬುಡಮೇಲು ಮಾಡಿದ. ಹೊನ್ನಾಜಿ ಗಂಟನ್ನು ಅಲುಗಿಸದೆ ಕಾದಳು. ಬೇರಿನ ತುದಿಗೊಂದು ಪುಟ್ಟ ಟೊಪ್ಪಿಗೆಯಿದೆ, ಅದರೊಳಗೆ ಹಿಟ್ಟಿನ ಕಣಗಳಿವೆ. ಹೇಗೆ ತಿರುಗಿಸಿದರೂ ಅವು ಅಕ್ಕಿ ತೊಳೆದ ನೀರಿನ ಗಸಿಯ ಹಾಗೆ ತಳಕ್ಕೇ ಕೂರುತ್ತವೆ. ಕಣ ಕೂತ ಕಡೆಗೆ ಬೇರು ಮೆಲ್ಲಗೆ ಬಾಗಿತು. ಅವಳು ಇಳಿದಳು.

ಮೂರನೆಯ ಕೋಣೆಗೆ ಮಾಂತ್ರಿಕ ತಾನೇ ಬಂದು ಅಷ್ಟೂ ಟೊಪ್ಪಿಗೆಗಳನ್ನು ಉಗುರಿನಿಂದ ಚಿವುಟಿಹಾಕಿದ. ಬೇರುಗಳು ದಿಕ್ಕುಗೆಟ್ಟು ಅತ್ತಿತ್ತ ಬೆಳೆದವು. ಗಂಡ ಇನ್ನು ಸಿಕ್ಕಲಾರನೆಂದು ಹೊನ್ನಾಜಿಗೆ ಅಳು ಬಂತು. ಆದರೆ ಚಿವುಟಿದ ಬೇರು ಮತ್ತೆ ಟೊಪ್ಪಿಗೆ ಹಾಕಿಕೊಳ್ಳುವುದನ್ನು ಅವಳು ಅಡುಗೆಮನೆಯಲ್ಲಿ ಎಷ್ಟೋ ಸಲ ಕಂಡಿದ್ದಳು. ಕಣ್ಣೊರೆಸಿಕೊಂಡು ನೀರು ಚಿಮುಕಿಸಿ ಕೂತಳು. ಒಂದು ದಿನ ಕಳೆಯಿತು, ಇನ್ನೊಂದೂ ಕಳೆಯಿತು.

"ಏನೇ ಕಾಯ್ತಿದೀಯ?" ಎಂದ ಮಾಂತ್ರಿಕ, ತಡೆಯಲಾರದೆ.

"ಬೇರು ಹೇಳೋದನ್ನ."

ಅವನು ರೇಗಿ, ಇದ್ದಬದ್ದ ಬೂದಿಯನ್ನೆಲ್ಲ ಎರಚಿದ. ಅದು ಅವನ ಕಣ್ಣಿಗೇ ಬಿತ್ತು. ಗಾಬರಿಯಲ್ಲಿ ಕೈಗೆ ಸಿಕ್ಕ ಬಾಗಿಲು ತೆರೆದ. ಇನ್ನೂ ಬೀಳುತ್ತಲೇ ಇದ್ದಾನೆ.

ಅಷ್ಟರಲ್ಲಿ ಬೇರುಗಳು ಮತ್ತೆ ಒಂದೇ ಕಡೆ ತಿರುಗಿದವು. ಅವಳು ಬಾಗಿಲು ತೆರೆದರೆ ಕೆಳಗೆ ಬೊಮ್ಮಣ್ಣ ಕೂತಿದ್ದ.

"ಇಷ್ಟು ತಡವೇನೆ?" ಎಂದ, ಕಣ್ತುಂಬಿಕೊಂಡು.

"ಕಾಳು ಮಾತಾಡೋ ತನಕ ಕಾಯ್ಬೇಕಾಯ್ತು ರೀ."

ಇಬ್ಬರೂ ಬಂದ ದಾರಿಯಲ್ಲೇ ಮೇಲೆ ಹತ್ತಿದ ಮೇಲೆ ಮಾಂತ್ರಿಕನ ಮನೆಯಲ್ಲಿ ನೀರು ಉಕ್ಕಿ ಊರಿಗೆಲ್ಲ ಸಿಹಿನೀರಿನ ಬಾವಿಯಾಯಿತು. ಅರಮನೆಯ ಅಡುಗೆಮನೆಯಲ್ಲಿ ಈಗ ಕಾಳು ನೋಡುತ್ತ ಕೂರುವವರು ಇಬ್ಬರು. ರಾಜನಿಗೆ ಕೋಸಂಬರಿ ಮಾತ್ರ ದಿನಾ ತಡ.