ಕಂಬಳಿ ಓಣಿಯ ನೀಲಾ

ಏಣಿಯ ಮೇಲೆ ನಿಂತವನು ಗೋಡೆಯ ಮೇಲಿದ್ದ 'ಕಂಬಳಿ ಓಣಿ' ಎಂಬ ಹೆಸರಿಗೆ ಬಿಳಿ ಬಣ್ಣ ಬಳಿಯಲು ಶುರುಮಾಡಿದ್ದ. ನೀಲಾ ಸ್ಕೂಟಿ ನಿಲ್ಲಿಸಿ ಕೂಗಿದಳು.

"ಏನ್ರೀ, ಯಾರು ಹೇಳ್ಯಾರ ಅಳಸಾಕ?"

ಅವನು ತಿರುಗಿದ. ಗಡ್ಡದ ಮೇಲೆ ಒಂದು ಹನಿ ಬಿಳಿ ಬಣ್ಣ, ಕಣ್ಣಲ್ಲಿ ತುಂಟ ನಗು.

"ನಿಮ್ಮಪ್ಪಾರು. ಓಣಿ ಸಂಘದ ಅಧ್ಯಕ್ಷರು. ಇನ್ನ ಮ್ಯಾಲೆ ಇದು ಗ್ರೀನ್ ವ್ಯಾಲಿ ಅಂತ್ರಿ."

ರಾಣೆಬೆನ್ನೂರಿನ ಅಂಚಿಗೆ, ಗುಡ್ಡಕ್ಕೂ ಕೆರೆಗೂ ನಡುವಿನ ತಗ್ಗಿನಲ್ಲಿ ಈಗ ಆರು ಲೇಔಟುಗಳು. ಎಲ್ಲಕ್ಕೂ ಇಂಗ್ಲಿಷ್ ಹೆಸರು. ಹಳೆಯದೆಂದು ಉಳಿದದ್ದು ಈ ಓಣಿಯ ಹೆಸರೊಂದೇ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನೀಲಾ ಈ ತಗ್ಗಿನ ಕಥೆ ಬರೆಯಬೇಕೆಂದು ನೋಟ್‌ಬುಕ್ ತಂದಿಟ್ಟು ಎರಡು ವರ್ಷವಾಗಿತ್ತು. ಒಂದಕ್ಷರ ಬರೆದಿರಲಿಲ್ಲ.

"ಅಳಸಾಕ ನಿಮಗೇನೂ ಅನ್ನಸೂದಿಲ್ಲೇನು?"

"ಅನ್ನಸ್ತೈತ್ರಿ. ಇಲ್ಲಿ ಮೊದಲನೇ ಮಗ್ಗ ಹೂಡಿದಾಂವ ನಮ್ಮಜ್ಜ." ಫಕ್ಕೀರೇಶ ಏಣಿಯಿಂದ ಇಳಿದು ಅವಳೆದುರು ನಿಂತ. "ನಾ ಒಲ್ಲೆ ಅಂದ್ರ ನಾಳೆ ಇನ್ನೊಬ್ಬ ಬರ್ತಾನ. ನೀವು ನಿಮ್ಮಪ್ಪಾರ ಎದುರು ನಿಂದ್ರತೇನಿ ಅಂದ್ರ, ಈ ಬ್ರಷ್ ಈಗ ಕೆಳಗ ಇಡ್ತೇನಿ."

ಅಷ್ಟು ನೇರವಾಗಿ ಅವಳನ್ನು ಯಾರೂ ನೋಡಿರಲಿಲ್ಲ. ಕಿವಿ ಬಿಸಿಯಾಯಿತು.

"ಇಡ್ರಿ," ಅಂದಳು.

ಆಮೇಲೆ ಪ್ರತಿ ಭಾನುವಾರ ಅವನ ಅಜ್ಜಿ ಶೇಖವ್ವನ ಕಟ್ಟೆಯೇ ನೀಲಾಳ ಶಾಲೆಯಾಯಿತು. ಮೇಡ್ಲೇರಿಯಿಂದ ಕುರಿ ಹೊಡೆದುಕೊಂಡು ಬಂದ ಮೂರು ಮನೆಯವರು ಈ ತಗ್ಗಿನಲ್ಲಿ ನಿಂತದ್ದು, ಹುಣಸೆಬೀಜದ ಗಂಜಿ ಬಳಿದ ಕಂಬಳಿಗಳನ್ನು ಗುಡ್ಡದ ಇಳಿಜಾರಿನ ತುಂಬ ಒಣಹಾಕುತ್ತಿದ್ದದ್ದು, ದೂರದ ಹಾದಿಯಿಂದ ನೋಡಿದರೆ ಗುಡ್ಡವೇ ಕಂಬಳಿ ಹೊದ್ದಂತೆ ಕಾಣುತ್ತಿದ್ದದ್ದು. ಮುದುಕಿ ಹೇಳುತ್ತಿದ್ದಳು, ನೀಲಾ ಬರೆಯುತ್ತಿದ್ದಳು, ಫಕ್ಕೀರೇಶ ಮೊಬೈಲ್ ಹಿಡಿದು ರೆಕಾರ್ಡ್ ಮಾಡುತ್ತಿದ್ದ.

"ಲೇ, ಮಾತಾಡಾಕತ್ತಾಕಿ ನಾನು," ಅಂದಳು ಒಮ್ಮೆ ಶೇಖವ್ವ. "ಫೋನ್ ಯಾಕ ಆಕೀ ಕಡೆ ತಿರಗೈತಿ?"

ಅವನು ಕೆಮ್ಮಿದ. ನೀಲಾ ತಲೆಯೆತ್ತದೆ ಬರೆದಳು. ಆ ಸಾಲಿನಲ್ಲಿ ಏನು ಬರೆದಳೋ ಅವಳಿಗೇ ಓದಲಾಗಲಿಲ್ಲ.

ಮೂರನೇ ತಿಂಗಳು ಹೆಸರಿನ ವಿಷಯಕ್ಕೆ ಸಮುದಾಯ ಭವನದಲ್ಲಿ ಓಣಿ ಸಂಘದ ಸಭೆ ಕೂಡಿತು. ನೀಲಾಳ ಅಪ್ಪ ರುದ್ರಮುನಿ ಹೊಸ ಹೆಸರು ಓದಿ ಹೇಳಿದರು. ಅವಳು ಎದ್ದು ನೋಟ್‌ಬುಕ್ಕಿನ ನಾಲ್ಕು ಪುಟ ಓದಿದಳು. ಮೊದಮೊದಲು ದನಿ ನಡುಗಿತು, ಆಮೇಲೆ ನಡುಗಲಿಲ್ಲ.

"ಸಾಕು ಕುಂದ್ರು," ಅಂದರು ಅಪ್ಪ. "ನಾಳೆ ಹಾವೇರಿಯಿಂದ ನಿನ್ನ ನೋಡಾಕ ಬರ್ತಾರ. ಕಂಬಳಿ ಓಣಿ ಅಂದ್ರ ಯಾರು ಒಪ್ತಾರ ಸಂಬಂಧಕ್ಕ?"

"ಬರಬ್ಯಾಡ್ರಿ ಅಂತ ಹೇಳಿಬಿಡ್ರಿ, ಅಪ್ಪಾ. ನನಗ ಸಂಬಂಧ ಈ ಓಣಿಯಾಗ ಸಿಕ್ಕೈತಿ."

ಎಲ್ಲರೂ ಅವಳತ್ತ ತಿರುಗಿದರು. ಫಕ್ಕೀರೇಶನಿಗೂ ಅವಳು ಇದನ್ನು ಹೇಳಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಅವನು ಎಲ್ಲರ ನಡುವಿನಿಂದ ನಡೆದು ಬಂದು ಅವಳ ಪಕ್ಕ ನಿಂತ.

"ಕಂಬಳಿ ನೇಯೋರ ಮನಿಗೆ ಹೋಗ್ತೀಯೇನು?" ರುದ್ರಮುನಿಯ ದನಿ ಒಡೆಯಿತು.

"ಹೋಗ್ತೇನ್ರಿ. ತಲಿ ಎತ್ತಿ ಹೋಗ್ತೇನಿ."

ಅಪ್ಪ ಎದ್ದು ಹೊರನಡೆದರು. ಹೆಸರು ಉಳಿಯಲಿ ಎಂದು ಮೊದಲು ಕೈಯೆತ್ತಿದವಳು ಎದುರು ಮನೆಯ ಸಕೀನಾಬಿ. ಆಮೇಲೆ ಒಂದೊಂದಾಗಿ ಎದ್ದ ಕೈಗಳು ಅರ್ಧಕ್ಕಿಂತ ಜಾಸ್ತಿಯಾದವು.

"ನನ್ನ ಒಂದ್ ಮಾತು ಕೇಳಬಾರದಿತ್ತೇನ್ರಿ?" ಹೊರಗೆ ಬಂದಮೇಲೆ ಫಕ್ಕೀರೇಶ ಕೇಳಿದ.

"ಕೇಳಿದ್ರ ಒಲ್ಲೆ ಅಂತಿದ್ರೇನು?"

"ಮೊದಲನೇ ದಿನಾನ ಹ್ಞೂಂ ಅಂದೇನಿ. ನಿಮಗ ಕೇಳಿಸಿಲ್ಲ."

ಮಳೆಗಾಲ ಮುಗಿದ ಮೇಲೆ ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಯಿತು. ಅವ್ವ ಬಂದಿದ್ದಳು, ಅಪ್ಪ ಬಂದಿರಲಿಲ್ಲ. ಹಾರ ಹಾಕಿಕೊಂಡೇ ಇಬ್ಬರೂ ಓಣಿಯ ತನಕ ಬಂದರು. ಓಣಿಯ ದೊಡ್ಡ ರಸ್ತೆಯಲ್ಲೇ ರುದ್ರಮುನಿಯ ಮನೆ.

"ಹಿಂದಿನ ಸಂದ್ಯಾಗ ಹೋಗೂಣೇನು?" ಫಕ್ಕೀರೇಶ ಮೆಲ್ಲಗೆ ಕೇಳಿದ.

"ಯಾಕ? ನಾವೇನು ಕಳವು ಮಾಡೀವೇನು?"

ನೀಲಾ ಅವನ ಕೈ ಹಿಡಿದು ದೊಡ್ಡ ರಸ್ತೆಗೇ ಹೆಜ್ಜೆ ಹಾಕಿದಳು. ಗೇಟಿನ ಬಳಿ ಅಪ್ಪ ನಿಂತಿದ್ದರು. ಅವಳು ನಿಲ್ಲಲಿಲ್ಲ, ಕಣ್ಣನ್ನೂ ಕೆಳಗಿಳಿಸಲಿಲ್ಲ. ಅವರು ಒಳಗೆ ಹೋಗಲಿಲ್ಲ. ಮಗಳು ಓಣಿಯ ತಿರುವು ದಾಟುವ ತನಕ ಗೇಟಿನ ಸರಳು ಹಿಡಿದು ನಿಂತೇ ಇದ್ದರು.